ಕೆಲ್ಸನೇನ್ಲಾ, ಆಟನೇನ್ಲಾ

ಅಪ್ಪಾ,

ಇವತ್ತು ಆಟಕ್ಕೇ ಅಂತ ಬೇರೆ ಕಂಪ್ಯೂಟರ್ ಜೋಡಿಸ್ದೆ. ಹೊಸದು ಕೈಗೆಟುಕಲ್ಲ, ಎಲ್ಲಾ ಯಶವಂತಪುರದಲ್ಲಿ ಹುಡುಕಿದ ಸೆಕೆಂಡ್ ಹ್ಯಾಂಡ್ ಸಾಮಾನು. ಮೊದ್ಲಿಂದ ಇದ್ದ ಕಂಪ್ಯೂಟರ್ ಇನ್ನು ಆಫೀಸ್ ಕೆಲಸಕ್ಕೆ ಮಾತ್ರ. ಇನ್ಮೇಲೆ ಬಾಗಿಲಲ್ಲಿ ನಿಂತು "ಕೆಲ್ಸನೇನ್ಲಾ, ಆಟನೇನ್ಲಾ?" ಅಂತ ನೀನು ಕೇಳೋ ಹಂಗೇ ಇಲ್ಲ. ಯಾವುದರ ಮುಂದೆ ಕೂತಿದ್ದೀನಿ ಅಂತ ನೋಡಿದ್ರೇ ಗೊತ್ತಾಗುತ್ತೆ.

ಆಟ ಶುರು ಮಾಡಿದ್ದೆ ಅಷ್ಟೇ, ಹಿಂದೆ ನಿನ್ನ ಹವಾಯಿ ಚಪ್ಪಲಿ ಸದ್ದು. ಹಳೇ ಅಭ್ಯಾಸ, ಕೈ ತಾನಾಗೇ ಆಟ ಮರೆಮಾಡಿ ಆಫೀಸ್ ಫೈಲ್ ಹುಡುಕ್ತು. ಇದ್ರಲ್ಲಿ ಆಫೀಸ್ ಫೈಲ್ ಎಲ್ಲಿಂದ ಬರ್ಬೇಕು? ಖಾಲಿ ಪರದೆ. ಬೈಗುಳಕ್ಕೆ ಕಾದು ಕೂತೆ.

ತಿರುಗಿದ್ರೆ ಅಮ್ಮ. ನೀನು ಹೋದ್ಮೇಲೆ ನಿನ್ನ ಚಪ್ಪಲಿ ಅವಳೇ ಮೆಟ್ಕೊಂಡು ಓಡಾಡ್ತಾಳೆ.

"ಆಡ್ಕೋ ಮಗಾ," ಅಂದ್ಲು. "ಕೇಳೋರು ಯಾರವ್ರೆ ಈಗ?"