ಬಹುದಮ್ಮನ ವರದಿ

ಮನೆಯ ಬಾಲ್ಕನಿಯಿಂದ,
ಏಪ್ರಿಲ್ 9, ಬುಧವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಇಡೀ ದಿನ ಕರಿಹಲಗೆಯ ಮುಂದೆ ನಿಂತೇ ಪಾಠ ಹೇಳಬೇಕು ಅಂತ ಯಾವ ಶಾಸನದಲ್ಲಿ ಕೆತ್ತಿದ್ದಾರೋ ನಾ ಕಾಣೆ, ಒಂದು ಸ್ಟೂಲ್ ಹಾಕಿಸಿಕೊಂಡರೆ ಮಕ್ಕಳೇನು ದಡ್ಡರಾಗುವುದಿಲ್ಲ. ಭಾವನ ಕೆಮ್ಮು ನಿಂತಿತಾ? ಪುಟ್ಟಿಯ ಮುಂದಿನ ಹಲ್ಲು ಬಿದ್ದ ಸುದ್ದಿಯನ್ನು ಅಮ್ಮ ಹಾಲಿನವಳಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರಿಗೂ ಹಂಚಿ ಮುಗಿಸಿದ್ದಾಳೆ. ನಿಮ್ಮ ಗುಡ್ಡದ ಶಾಲೆಗೆ ಭಾನುವಾರದಿಂದ ಫೋನ್ ಮಾಡುತ್ತಲೇ ಇದ್ದೇನೆ, ಲೈನು ಎಂದಿನ ಹಾಗೆ ಸತ್ತು ಮಲಗಿದೆ. ಕಾಗದವೇ ಗತಿ.

ನಿನ್ನ ಪತ್ರ ಸೇರಿತು. "ರೇಡಿಯೊ ಭಾಷೆ ಬಿಟ್ಟು ನೆಟ್ಟಗೆ ಹೇಳು, ಅಮ್ಮನನ್ನು ನೋಡಲು ಈಗಲೇ ಹೊರಟು ಬರಲೋ, ಪರೀಕ್ಷೆ ಮುಗಿಸಿ ಜೂನ್ ರಜೆಗೆ ಬರಲೋ" ಅಂತ ಕೇಳಿದ್ದೀಯ. ಹೇಳುತ್ತೇನೆ, ಸ್ವಲ್ಪ ತಾಳು. ಈ ಮನೆಯಿಂದ ಹೊರಡುವ ಯಾವ ಕಾಗದವೂ ಅಮ್ಮನ ಕಣ್ಣು ತಪ್ಪಿಸಿ ಹೋಗಿದ್ದಿಲ್ಲ ಅನ್ನುವುದು ನಿನಗೆ ಗೊತ್ತೇ ಇದೆ. ಓದಬೇಕು, ತಪ್ಪು ತಿದ್ದಬೇಕು, ಹಿಟ್ಟಿನ ಅಂಟು ಕಾಯಿಸಿಕೊಂಡು ಲಕೋಟೆಯನ್ನು ತಾನೇ ಮುಚ್ಚಬೇಕು. ಕಾಯಿಲೆ ಬಿದ್ದ ಮೇಲೆ ಅಂಟು ಕಾಯಿಸುವ ಕೆಲಸ ಮಾತ್ರ ನನಗೆ ಬಿಟ್ಟಿದ್ದಾಳೆ, ಉಳಿದದ್ದೆಲ್ಲ ಅವಳದೇ. ಅಂಚೆ ಕಚೇರಿಯ ಗೋಂದನ್ನು ಅವಳು ನಂಬುವುದಿಲ್ಲ, ನನ್ನನ್ನೂ ಅಷ್ಟೇ. ಈಗಲೂ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಒಂದೊಂದು ಹಾಳೆ ಮುಗಿದ ಹಾಗೆ ಕೈಯಿಂದ ಕಿತ್ತುಕೊಳ್ಳುತ್ತಿದ್ದಾಳೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆಯಂತೆ. ಆಯಿತು, ಇನ್ನು ಮೇಲೆ ದುಂಡಗೆ ಬರೆಯುತ್ತೇನೆ.

ಇಲ್ಲಿ ಹವೆ ಬೆಚ್ಚಗಾಗಿದೆ. ನಮ್ಮ ಹವಾಮಾನ ಕಚೇರಿಯ ಅಂಗಳದ ಹುಲ್ಲು ಚಿಗುರಿದೆ, ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದರೆ ಒಳಗೆ ಜೇಡ ಮನೆ ಮಾಡಿಕೊಂಡಿದೆ. ಆ ಪೆಟ್ಟಿಗೆಯಲ್ಲಿ ಎರಡು ಥರ್ಮಾಮೀಟರ್, ಒಂದರ ಬುಡಕ್ಕೆ ಒದ್ದೆ ಬಟ್ಟೆ. ಎರಡರ ಅಂಕಿಗಳು ಹತ್ತಿರ ಹತ್ತಿರ ಬಂದಷ್ಟೂ ಗಾಳಿಯಲ್ಲಿ ನೀರು ಹೆಚ್ಚಿದೆ ಅಂತ ಲೆಕ್ಕ. ಈ ವಾರ ಎರಡೂ ಬಹಳ ಅನ್ಯೋನ್ಯವಾಗಿವೆ. ಅದನ್ನು ನೋಡಿಕೊಂಡು, ದೊಡ್ಡ ಕಚೇರಿಯವರು ಕಳಿಸಿದ ನಕ್ಷೆಯನ್ನೂ ನೋಡಿಕೊಂಡು, ರೇಡಿಯೊದವರಿಗೆ ನಾಲ್ಕು ಸಾಲು ಬರೆದುಕೊಡುತ್ತೇನೆ. "ಬೆಚ್ಚನೆಯ ಹವೆ ಮುಂದುವರಿಯಲಿದೆ. ಮಧ್ಯಾಹ್ನದ ನಂತರ ಅಲ್ಲಲ್ಲಿ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ ಇದೆ." ವಾರವಿಡೀ ಇದೇ ರಾಗ, ಇದೇ ಹಾಡು. ನಮ್ಮ ಮೇಲಧಿಕಾರಿ ಹೇಳಿಕೊಟ್ಟ ಪಾಠ ಒಂದೇ: ಮಳೆ ಬರುತ್ತದೆ ಅನ್ನಬಾರದು, ಬರುವುದಿಲ್ಲ ಅಂತಂತೂ ಅನ್ನಲೇಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೇ ಈ ಬೀದಿಯವರು ನನಗೆ ಬಹುದಮ್ಮ ಅಂತ ಹೆಸರಿಟ್ಟಿದ್ದಾರೆ. ಬೇಕರಿಯವನು ಬ್ರೆಡ್ಡು ಕಟ್ಟಿಕೊಡುತ್ತಾ "ಏನು ಬಹುದಮ್ಮಾ, ಇವತ್ತು ಬರಬಹುದಾ, ಬಾರದೇ ಇರಬಹುದಾ?" ಅಂತ ಕೇಳುತ್ತಾನೆ. ಎರಡೂ ಆಗಬಹುದು ಅನ್ನುತ್ತೇನೆ. ಅವನಿಗೂ ಖುಷಿ, ನನಗೂ ಕೆಲಸ ಉಳಿಯಿತು.

ಎದುರುಮನೆಯ ಹೊರಗೋಡೆಗೆ ಬಣ್ಣ ಬಳಿಯುತ್ತಿರುವವನ ಕಥೆ ಕೇಳು. ಸೋಮವಾರ ಏಣಿ ಹತ್ತುವ ಮೊದಲು ನನ್ನನ್ನು ಕೇಳಿದ, ಸಾಧ್ಯತೆ ಇದೆ ಅಂದೆ. ಏಣಿಯನ್ನು ಗೋಡೆಗೆ ಆನಿಸಿಟ್ಟು ಚಹಾದಂಗಡಿಗೆ ಹೋದವನು ಸಂಜೆಯವರೆಗೂ ಆಕಾಶ ನೋಡಿದ್ದೇ ಬಂತು, ಒಂದು ಹನಿ ಬೀಳಲಿಲ್ಲ. ಒಂದು ದಿನದ ಕೆಲಸ ಕೆಡಿಸಿದೆ ಅಂತ ನನಗೆ ಬೀದಿಯಲ್ಲೇ ಸಹಸ್ರನಾಮವಾಯಿತು. ನಿನ್ನೆ ನನ್ನ ಮುಖವನ್ನೂ ನೋಡದೆ ಸರಸರ ಏಣಿ ಹತ್ತಿದ. ಮೇಲಿನ ಅರ್ಧ ಗೋಡೆ ತಿಳಿ ಹಸಿರು ಮಾಡಿ ಮುಗಿಸಿದ್ದ, ಅಷ್ಟರಲ್ಲಿ ನೀರಿನ ಟ್ಯಾಂಕಿನ ಹಿಂದಿನಿಂದ ಮೋಡ ಎದ್ದಿತು, ಒಂದೇ ಒಂದು ಸಲ ಗುಡುಗಿತು, ಆಮೇಲೆ ಸುರಿಯಿತು ನೋಡು! ಬಣ್ಣವೆಲ್ಲ ಇಳಿದು ಪಾದಚಾರಿ ದಾರಿಯೇ ಹಸಿರಾಯಿತು. ಈಗ ಆ ಮಳೆಯನ್ನು ಹಟಕ್ಕೆ ಬಿದ್ದು ಕರೆಸಿದವಳು ನಾನೇ ಅಂತ ಹೇಳಿಕೊಂಡು ಓಡಾಡುತ್ತಿದ್ದಾನೆ. ಅಮ್ಮ ಇಲ್ಲೇ ಬಾಲ್ಕನಿಯಲ್ಲಿ ಕೂತು ಎಲ್ಲವನ್ನೂ ನೋಡಿದಳು. ಅವನು ಬಕೆಟ್ಟನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಓಡಿದ್ದಕ್ಕೆ ನಕ್ಕೂ ನಕ್ಕೂ ಸುಸ್ತಾದಳು. ಎರಚಲು ಬಡಿಯುತ್ತಿದೆ, ಒಳಗೆ ಹೋಗೋಣ ಅಂದರೆ ಏಳಲಿಲ್ಲ. "ಸುಮ್ನಿರೇ, ಮಳೆ ನೋಡಿ ಯಾವ ಕಾಲವಾಯ್ತು" ಅಂದಳು. ಕಂಬಿಯ ಆಚೆ ಕೈ ಚಾಚಿ, ಅಂಗೈ ತುಂಬಿದ ಮೇಲೆ ಚೆಲ್ಲಿ, ಮತ್ತೆ ಚಾಚಿದಳು. ನಾನು ಟವೆಲ್ ಹಿಡಿದು ಹಿಂದೆ ನಿಂತಿದ್ದೆ.

ಇನ್ನು ಅಮ್ಮನ ವರದಿ. ಬೆಳಿಗ್ಗೆ ಅರ್ಧ ಲೋಟ ಹಾಲು ಕುಡಿಯುತ್ತಾಳೆ, ಬ್ರೆಡ್ಡಿನ ಅಂಚು ಕಿತ್ತು ಗುಬ್ಬಿಗಳಿಗೆ ಹಾಕಿ ನಡುವಿನದನ್ನು ತಿಂದೆ ಅನ್ನುತ್ತಾಳೆ. ಇಲ್ಲಿ ಒಂದು ಸಾಲು ಹೊಡೆದುಹಾಕಿರುವುದು ಕಾಣುತ್ತದಲ್ಲ, ಅದು ಸೆನ್ಸಾರಿನವರ ಕೆಲಸ. ಸೊರಗಿದ್ದಾಳೆ ಅಂತ ಬರೆದಿದ್ದೆ, ಸೊರಗಿಲ್ಲವಂತೆ, ಮೈ ಹಗುರವಾಗಿದೆಯಂತೆ. ಇಷ್ಟು ಬೆಚ್ಚಗಿದ್ದರೂ ಸ್ವೆಟರ್ ಬಿಚ್ಚುವುದಿಲ್ಲ. ಆದರೆ ಕಳೆದ ವಾರ ಬೀರುವನ್ನೆಲ್ಲ ಖಾಲಿ ಮಾಡಿಸಿ, ಉಣ್ಣೆಯ ಬಟ್ಟೆಗಳನ್ನು ಬಿಸಿಲಿಗೆ ಹಾಕಿಸಿದಳು. ಅವಳ ಆ ಉದ್ದನೆಯ ಕೋಟು ಇತ್ತಲ್ಲ, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲವಲ್ಲ, ಅದನ್ನು ಹಾಲಿನವಳನ್ನು ಕರೆದು ಕೊಟ್ಟುಬಿಟ್ಟಳು. ಮುಂದಿನ ಚಳಿಗೆ ಏನು ಹಾಕಿಕೊಳ್ಳುತ್ತೀಯ ಅಂದರೆ "ಹೊಸದು ಕೊಡಿಸು, ದುಡಿದದ್ದನ್ನೆಲ್ಲ ಏನು ಮಾಡ್ತೀಯ" ಅಂದಳು. ನಾನು ಖಾಲಿ ಹ್ಯಾಂಗರ್ ತೆಗೆದಿಟ್ಟೆ.

ಡಾಕ್ಟರು ಶುಕ್ರವಾರ ನೋಡಿದರು. ಅವರು ನಮ್ಮ ಇಲಾಖೆಗೇ ಸೇರಬೇಕಾಗಿತ್ತು. ಹೊಟ್ಟೆನೋವು ಇಳಿಯಬಹುದು, ಹಸಿವು ಬರಬಹುದು, ಔಷಧಿ ಬದಲಿಸಿ ನೋಡೋಣ ಅಂದರು. "ನಿನ್ನ ಅಣ್ಣತಮ್ಮಂದಿರಲ್ಲಿ ಒಬ್ಬ ಸಿಕ್ಕಿದ ನೋಡು" ಅಂತ ಅಮ್ಮ ಅವರ ಮುಂದೆಯೇ ಅಂದುಬಿಟ್ಟಳು. ಪುಣ್ಯಕ್ಕೆ ಅವರಿಗೆ ಅರ್ಥವಾಗಲಿಲ್ಲ. ಹೊಸ ಮಾತ್ರೆ ಕೆಂಪಗಿದೆ, ದೊಡ್ಡದಾಗಿದೆ, ನುಂಗುವಾಗ ಅಮ್ಮ ನನ್ನನ್ನೂ ಡಾಕ್ಟರನ್ನೂ ಒಟ್ಟಿಗೆ ಬೈಯುತ್ತಾಳೆ. ಬೈಯುವ ಶಕ್ತಿ ಇದೆಯಲ್ಲ, ಅಷ್ಟು ಸಾಕು.

ನೀನು ಕೇಳಿದ್ದಕ್ಕೆ ಉತ್ತರ: ಅವಸರವೇನೂ ಇಲ್ಲ, ಜೂನ್‌ನಲ್ಲೇ ಬಾ. ಆಗ ಪುಟ್ಟಿಯೂ ಜೊತೆಗಿರುತ್ತಾಳೆ, ನಾಲ್ಕು ದಿನ ಹೆಚ್ಚಿಗೆ ಉಳಿಯಬಹುದು. ಇದನ್ನು ಓದಿ ಅಮ್ಮ "ಹಾಂ, ಈಗ ಸರಿಯಾಗಿ ಬರೆದೆ. ಅವಳ ಮಕ್ಕಳ ಪರೀಕ್ಷೆ ಹಾಳಾಗಬಾರದು" ಅಂದಳು. ಇಪ್ಪತ್ತು ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟು ಬಂದರೆ ನಿನಗೂ ಇಲ್ಲಿ ಮನಸ್ಸು ನಿಲ್ಲುವುದಿಲ್ಲ, ಅದು ನನಗೂ ಗೊತ್ತು.

ಕಚೇರಿಗೆ ಹೊತ್ತಾಯಿತು, ದಾರಿಯಲ್ಲೇ ಅಂಚೆಗೆ ಹಾಕುತ್ತೇನೆ. ಭಾವನಿಗೆ ನನ್ನ ನಮಸ್ಕಾರ, ಕೆಮ್ಮಿಗೆ ಬಿಸಿನೀರು. ಅಮ್ಮನ ಆಶೀರ್ವಾದ ನಿಮ್ಮ ಮೂವರಿಗೂ, ಅದರಲ್ಲಿ ಹಲ್ಲು ಬಿದ್ದವಳಿಗೆ ದೊಡ್ಡ ಪಾಲಂತೆ.

ನಿನ್ನ ತಂಗಿ,
ಬಹುದಮ್ಮ

ಮಗಳೇ, ರಜೆ ತನಕ ಕಾಯಬೇಡ. ಹೊರಟು ಬಾ. ನಿನ್ನನ್ನು ನೋಡಬೇಕು ಅನ್ನಿಸಿದೆ. ನಾನು ಹೀಗೆ ಬರೆದೆ ಅಂತ ಇವಳಿಗೆ ಹೇಳಬೇಡ. ನನಗೆ ಏನೂ ತಿಳಿದಿಲ್ಲ ಅಂದುಕೊಂಡಿದ್ದಾಳೆ ಪಾಪ, ಹಾಗೇ ಇರಲಿ.
ಅಮ್ಮ

ತಾ.ಕ.: ಅಂಚೆ ಕಚೇರಿಯಲ್ಲಿ ನಿಂತುಕೊಂಡು ಬರೆಯುತ್ತಿದ್ದೇನೆ, ಪೆನ್ನು ಕೌಂಟರಿನವರದು, ಹಿಂದೆ ಜನ ನಿಂತಿದ್ದಾರೆ. ಅಮ್ಮ ಅಂಟಿಸಿದ ಲಕೋಟೆ ಇನ್ನೂ ಹಸಿಯಾಗಿತ್ತು, ಬಿಡಿಸಿದೆ. ಜೂನ್‌ನಲ್ಲಿ ಬಾ ಅಂತ ಬರೆದದ್ದು ಅವಳು ಓದಲಿ ಅಂತ. ಶುಕ್ರವಾರ ಡಾಕ್ಟರು ಅವಳನ್ನು ಒಳಗೆ ಮಲಗಿಸಿ, ನನ್ನೊಬ್ಬಳನ್ನು ವರಾಂಡಕ್ಕೆ ಕರೆದು ಹೇಳಿದರು: ಹೊಟ್ಟೆಯೊಳಗೆಲ್ಲ ಹರಡಿದೆ, ಇನ್ನು ಮಾಡುವಂಥದ್ದು ಏನಿಲ್ಲ, ಜೂನ್‌ವರೆಗೆ ಇರುವುದಿಲ್ಲ. ಅಮ್ಮನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಿನಗಾದರೂ ತಿಳಿಸೋಣ ಅಂತ ಲಕೋಟೆ ಬಿಡಿಸಿದರೆ, ನನ್ನ ಸಹಿಯ ಕೆಳಗೆ ಅವಳ ಪೆನ್ಸಿಲ್ ಅಕ್ಷರ. ನಾನು ಕೊಡೆ ಹುಡುಕುತ್ತಿದ್ದಾಗ ಬರೆದಿರಬೇಕು. ನನಗೆ ತುಂಬಾ ಹೆದರಿಕೆಯಾಗುತ್ತಿದೆ ಅಕ್ಕಾ. ಈ ಕಾಗದ ಕೈಗೆ ಬಂದ ದಿನವೇ ಹೊರಡು. ಬಂದ ಮೇಲೆ ಏನನ್ನೂ ಕೇಳಬೇಡ, ಅಳಬೇಡ. ಈ ಸಲ ರಜೆ ಬೇಗ ಕೊಟ್ಟರು, ಅದಕ್ಕೇ ಬಂದೆ ಅಂತ ಹೇಳು. ನಮ್ಮಿಬ್ಬರಿಗೂ ಹಾಗೇ ಹೇಳು.