ಖಂಡೇ ಪೂಜೆಯ ದಿನ ತೆರೆದೇ ಇದ್ದ ಕಪಾಟು

ಹಲಗೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಮುಖ್ಯಾಧಿಕಾರಿಗಳಿಗೆ
ಹಳಿಯಾಳ, ಅಕ್ಟೋಬರ್ ೧೯೮೭

ಮಾನ್ಯರೇ,

ನಮ್ಮ ಮೂವರ ಹೆಸರು, ಮನೆ, ಮೈಮೇಲಿನ ಗುರುತು ಎಲ್ಲವೂ ಗೂಂಡಾಗಳ ಕೈಗೆ ಹೋಗಲು ನೀವು ಬಿಟ್ಟಿರಿ. ಅದರಿಂದ ರೊಜಾರಿಯೊನ ಬಲಗೈ ಈಗ ಕೈಯಾಗಿ ಉಳಿದಿಲ್ಲ. ಇನ್ನಿಬ್ಬರು, ಅಂದರೆ ಕಾರ್ಖಾನೆಯ ಅಡುಗೆಮನೆಯ ಚಾಂದಬಿ ಮತ್ತು ಹಲಗೆ ವಿಂಗಡಿಸುವ ನಾನು, ನಮ್ಮ ಸರದಿ ಎಂದು ಬರುವುದೋ ಎಂದು ಕಾಯುತ್ತಿದ್ದೇವೆ. ನಿಮ್ಮ ಕೋಣೆಗೆ ಬಂದು ಕೇಳಿದಾಗ ನೀವು ಯಂತ್ರದ ಕಡೆ ತಿರುಗಿದಿರಿ. ಆದ್ದರಿಂದ ಊರೆಲ್ಲ ಓದುವ ವಾರಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ಓದುವವರಿಗೆ ತಿಳಿಯಲೆಂದು ಮೊದಲಿನಿಂದ ಹೇಳುತ್ತೇನೆ. ಮಳೆಗಾಲಕ್ಕೆ ಮುಂಚೆ ನಾವು ಮೂವರೂ, ಕಾರ್ಖಾನೆಯ ದೂರುಗಳನ್ನು ಯಂತ್ರದಲ್ಲಿ ದಾಖಲಿಸುವ ನಿಮ್ಮ ಬಳಿ ಬಂದೆವು. ಲಾರಿ ಗುತ್ತಿಗೆದಾರನ ಆಳುಗಳು ಕಂಪನಿಯ ಹಲಗೆಗಳ ಅಡಿಯಲ್ಲಿ ಕಾಡಿನ ತೇಗವನ್ನು ಕದ್ದು ಸಾಗಿಸುವುದನ್ನು ಕಣ್ಣಾರೆ ಕಂಡಿದ್ದೆವು, ಕಂಡದ್ದನ್ನು ಹೇಳಿದೆವು. ದೂರಿಗೆ ಹೆಬ್ಬೆಟ್ಟು ಒತ್ತಲು ರೊಜಾರಿಯೊ ಹಿಂಜರಿದಾಗ ನೀವು ನಕ್ಕಿರಿ. ಕಾಗದ ಕಳವಾಗುತ್ತದೆ, ಕಂಪ್ಯೂಟರಿನಿಂದ ಏನೂ ಕಳವಾಗುವುದಿಲ್ಲ ಎಂದಿರಿ. ಅವನು ನಂಬಿದ. ದೂರು ಕೊಟ್ಟವರು ಯಾರೆಂದು ಗುತ್ತಿಗೆದಾರ ಹುಡುಕತೊಡಗಿದ್ದಾನೆ ಎಂಬ ಸುದ್ದಿ ಬಂದಾಗ ರೊಜಾರಿಯೊ ಹಳಿಯಾಳದ ಮನೆ ಬಿಟ್ಟು, ಸಾಂಬ್ರಾಣಿ ಎಂಬ ಹಳ್ಳಿಯ ಆಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡ. ಎಲ್ಲಿದ್ದಾನೆಂದು ತನ್ನ ಸ್ವಂತ ಅಣ್ಣನಿಗೂ ಹೇಳಲಿಲ್ಲ. ವಿಚಾರಣೆಗೆ ಕರೆಯಲು ಬೇಕೆಂದು ನೀವು ಕೇಳಿದ್ದರಿಂದ, ಹೇಳಿದ್ದು ನಿಮ್ಮ ಯಂತ್ರಕ್ಕೆ ಮಾತ್ರ.

ಆ ಯಂತ್ರವನ್ನು ನೀವೆಷ್ಟು ಜೋಪಾನ ಮಾಡುತ್ತೀರಿ ಎಂಬುದನ್ನು ನಾವು ಕಂಡಿದ್ದೇವೆ. ಅದಕ್ಕೆ ತಂಪು ಗಾಳಿ ಬೇಕು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು, ಅದರ ಮುಂದೆ ಸೀನಬಾರದು. ಇತ್ತ, ಪಾಳಿ ಮುಗಿಸಿ ಹೊರಡುವಾಗ ಗೇಟಿನಲ್ಲಿ ನಮ್ಮ ಬುತ್ತಿ ಡಬ್ಬಿ ತೆರೆಸುತ್ತೀರಿ, ಸೀರೆಯ ಮಡಿಕೆ ತಡವಿಸುತ್ತೀರಿ. ಒಂದು ಚಕ್ಕೆ ಹಲಗೆ ಹೊರಗೆ ಹೋಗಬಾರದು! ಮನುಷ್ಯರ ಹೆಸರು ಮಾತ್ರ ಹೋಗಬಹುದೇ? ಅದಕ್ಕೆ ತೂಕವಿಲ್ಲವೆಂದು ಬಿಟ್ಟಿರಾ?

ಹೆಸರು ಹೊರಗೆ ಹೋದದ್ದು ಖಂಡೇ ನವಮಿಯ, ಅಂದರೆ ಆಯುಧಪೂಜೆಯ ದಿನ. ಪ್ರತಿ ವರ್ಷದಂತೆ ಕಾರ್ಖಾನೆಯ ಎಲ್ಲ ಬೀಗದ ಕೈಗಳನ್ನೂ ಒಂದು ಮಣೆಯ ಮೇಲೆ ಸುರಿದು, ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿರಿ. ಮರುದಿನ ಬನ್ನಿ ಕೊಡುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ಈ ಸಲ ಕಂಪ್ಯೂಟರ್ ಕೋಣೆಯ ಕಪಾಟಿನ ಕೀಲಿಕೈಯೂ ಆ ಮಣೆ ಏರಿತು. ಕಪಾಟು ತೆರೆದೇ ಇತ್ತು. ಯಂತ್ರದಿಂದ ಅಚ್ಚು ಮಾಡಿ ತೆಗೆದ, ನಮ್ಮ ವಿವರಗಳ ಹಾಳೆ ಅದರೊಳಗಿತ್ತು. ಪೂಜೆಗೆ ಬುಂದೆಯ ಬುಟ್ಟಿ ಹೊತ್ತು ತಂದವರು ಯಾರು? ಅದೇ ಗುತ್ತಿಗೆದಾರನ ಆಳುಗಳು. ಆರತಿಯ ನಂತರ ಅವರು ಆ ಕೋಣೆಯ ತಂಪಿನಲ್ಲಿ ಕುಳಿತು ಹರಟಿದ್ದನ್ನು ಎಲ್ಲರೂ ನೋಡಿದ್ದಾರೆ.

ಕಪಾಟಿಗೆ ಬೀಗ ಹಾಕಲಿಲ್ಲವೇಕೆ ಎಂದು ಕಾವಲುಗಾರ ಸೋಮಪ್ಪನನ್ನು ಆಮೇಲೆ ಕೇಳಿದೆ.

“ಕೀಲಿ ದೇವರ ಮುಂದ ಇತ್ತವಾ. ನಾ ಹೆಂಗ ಮುಟ್ಟಲಿ? ಬನ್ನಿ ಕೊಡೂ ತನಕ ಸಾಹೇಬ್ರೂ ಮುಟ್ಟಂಗಿಲ್ಲ.”

“ಬ್ಯಾರೆ ಬೀಗ ಇರಲಿಲ್ಲೇನು, ಕಾಕಾ?”

“ಇತ್ತು. ಅದನ್ನ ತೇಗದ ಗೋದಾಮಿಗೆ ಹಾಕಂದ್ರು.”

ಸೋಮಪ್ಪನನ್ನು ನಾನು ದೂರುವುದಿಲ್ಲ. ಪೂಜೆಯನ್ನೂ ದೂರುವುದಿಲ್ಲ. ನನ್ನ ಅವ್ವ ಕುಡಗೋಲಿಗೆ ಪೂಜೆ ಮಾಡುತ್ತಾಳೆ, ಆದರೆ ತೊಟ್ಟಿಲಿನ ಕೂಸಿಗೆ ಸಿಗುವಂತೆ ಅದನ್ನು ಇಡುವುದಿಲ್ಲ. ತೇಗದ ಗೋದಾಮಿಗೆ ಹೊಳೆದ ಎರಡನೆಯ ಬೀಗ ನಮ್ಮ ಪ್ರಾಣಕ್ಕೆ ಯಾಕೆ ಹೊಳೆಯಲಿಲ್ಲ?

ಮುಂದಿನದನ್ನು ರೊಜಾರಿಯೊನ ಹೆಂಡತಿ ಗಂಗೂ ಹೇಳಿದಂತೆಯೇ ಬರೆಯುತ್ತೇನೆ. ದಸರೆ ಮುಗಿದ ವಾರ, ದನ ಮನೆಗೆ ಬರುವ ಹೊತ್ತಿಗೆ ಜೀಪೊಂದು ಬಂತು. ಇಳಿದವರಲ್ಲಿ ಒಬ್ಬನ ಕೈಯಲ್ಲಿ ಅಗಲವಾದ ಹಾಳೆ, ಅದರ ಎರಡೂ ಅಂಚಿಗೆ ಸಾಲಾಗಿ ತೂತು. ಅಂಥ ಕಾಗದ ಈ ತಾಲ್ಲೂಕಿನಲ್ಲಿ ನಿಮ್ಮ ಯಂತ್ರದ ಬಾಯಿಂದಲ್ಲದೆ ಇನ್ನೆಲ್ಲಿಂದ ಬರುತ್ತದೆ?

“ರೊಜಾರಿಯೊ ಅಂದ್ರ ನೀನ ಏನು? ಅಂಗಿ ತಗಿ.”

“ಯಾಕ್ರಿ, ಹೊಲದ ಪಟ್ಟಾ ಕೊಡಾಕ ಬಂದೀರೇನು, ಗುರ್ತು ನೋಡಾಕ?” ಎಂದಳಂತೆ ಗಂಗೂ.

“ಹೌದ ತಂಗಿ, ಹೆಣ ಹೂಳಾಕ ಮೂರು ಮೊಳದ ಪಟ್ಟಾ” ಎಂದು ಆತ ನಕ್ಕ. ರೊಜಾರಿಯೊನ ಅಂಗಿ ಹರಿದ. ಭುಜದ ಮೇಲಿನ ಸುಟ್ಟ ಕಲೆಯ ಮೇಲೆ ಬೆರಳಿಟ್ಟು ಹಾಳೆ ನೋಡಿದ. “ಬರೋಬ್ಬರಿ ಐತಿ. ಮಶೀನು ಸುಳ್ಳ ಹೇಳಂಗಿಲ್ಲ ನೋಡ.”

ಇಬ್ಬರು ಅವನನ್ನು ಕೆಡವಿ, ಕಟ್ಟಿಗೆ ಒಡೆಯುವ ಕೊರಡಿನ ಮೇಲೆ ಅವನ ಬಲಗೈ ಚಾಚಿ ತುಳಿದು ನಿಂತರು. “ಹೆಬ್ಬೆಟ್ಟು ಒತ್ತಿದ್ದು ಇದರಲೇ ಹೌದಲ್ಲೋ?” ಎಂದು ಕೇಳಿ ಮೂರನೆಯವನು ಕೊಡಲಿಯ ಹಿಂಬದಿಯಿಂದ ಹೊಡೆದ. ಮೊದಲು ಹೆಬ್ಬೆರಳು, ಆಮೇಲೆ ಉಳಿದವು, ಆಮೇಲೆ ಮಣಿಕಟ್ಟು. ಅಡ್ಡ ಬಂದ ಗಂಗೂಳ ಹೊಟ್ಟೆಗೆ ಒದ್ದರು. ಎಲುಬು ಮುರಿಯುವ ಸದ್ದು ಹಸಿ ಬಿದಿರು ಸೀಳಿದಂತೆ ಕೇಳಿತು ಎಂದಳು. ಹೋಗುವಾಗ ಹಾಳೆಯನ್ನು ಮಡಿಸಿ ಕಿಸೆಗೆ ಇಟ್ಟುಕೊಂಡು, “ಇನ್ನ ಎರಡು ಅದಾವು” ಎಂದರಂತೆ. ದಾಂಡೇಲಿಯ ಆಸ್ಪತ್ರೆಯಲ್ಲಿ ವೈದ್ಯರು ಜೀವ ಉಳಿಸಿದರು. ಕೈ ಉಳಿಸಲು ಅಲ್ಲಿ ಕೈ ಇರಲಿಲ್ಲ.

ಮರುದಿನ ನಿಮ್ಮ ಬಳಿ ಓಡಿ ಬಂದೆ. ನೀವು ಯಂತ್ರದ ಗುಂಡಿಗಳನ್ನು ಒತ್ತಿ ನೋಡಿ ನೆಮ್ಮದಿಯ ಉಸಿರು ಬಿಟ್ಟಿರಿ. “ಮಾಹಿತಿ ಎಲ್ಲ ಸುರಕ್ಷಿತವಾಗಿದೆಯಮ್ಮ, ಒಂದಕ್ಷರವೂ ಅಳಿದಿಲ್ಲ” ಎಂದಿರಿ. ಮಾನ್ಯರೇ, ಅಳಿದಿದ್ದರೆ ನಾವು ಉಳಿಯುತ್ತಿದ್ದೆವು! ನಾನು ಕಲಿತದ್ದು ಏಳನೇ ಇಯತ್ತೆ. ಉಳಿದದ್ದು ದಾಂಡೇಲಿಯ ಬಂಗೂರನಗರದ ಕಾಲೇಜಿನವರು ಹಂಚುವ ಎಂಟಾಣೆಯ ಪುಸ್ತಿಕೆಗಳಿಂದ ಬಂದ ಬುದ್ಧಿ. ಆದರೂ ಇಷ್ಟು ಬಲ್ಲೆ: ಹೆಸರು ಒಂದು ಕಡೆ, ವಿಳಾಸ ಇನ್ನೊಂದು ಕಡೆ ಇರಬೇಕು. ಕಪಾಟು ತೆರೆಯುವವನು ಯಾರು, ಯಾಕೆ ತೆರೆದ ಎಂಬುದು ಬರಹದಲ್ಲಿ ಉಳಿಯಬೇಕು. ಬೇಡವಾದ ಅಚ್ಚಿನ ಹಾಳೆಯನ್ನು ಅಂದೇ ಸುಡಬೇಕು. ಕಳವಾದರೆ ಮೊದಲು ತಿಳಿಯಬೇಕಾದದ್ದು ಕಂಪನಿಯ ಮಾಲಕರಿಗಲ್ಲ, ಆ ಹಾಳೆಯಲ್ಲಿ ಹೆಸರಿರುವವರಿಗೆ. ಕಪಾಟು ತೆರೆದಿತ್ತು ಎಂದು ನಿಮಗೆ, ಮಣೆಯಿಂದ ಕೀಲಿ ಮರಳಿ ಪಡೆದ ಬನ್ನಿಯ ದಿನವೇ ಗೊತ್ತಿತ್ತು. ಒಬ್ಬ ಆಳನ್ನು ಸೈಕಲ್ ಮೇಲೆ ಸಾಂಬ್ರಾಣಿಗೆ ಕಳಿಸಿದ್ದರೆ ರೊಜಾರಿಯೊ ಈಗ ಎರಡೂ ಕೈಯಿಂದ ಉಣ್ಣುತ್ತಿದ್ದ. ಆ ಕೊಡಲಿಯ ಕಾವಿನ ಮೇಲೆ ನಿಮ್ಮ ಬೆರಳಿನ ಗುರುತೂ ಇದೆ.

ನಿಮ್ಮ ಕಂಪ್ಯೂಟರ್ ಕೋಣೆಗೆ ಬೆಂಕಿ ಇಡಬೇಕೆಂದು ಪಾಳಿಯ ಯುವಕರು ಸೀಮೆಎಣ್ಣೆ ತಂದಿದ್ದರು. ನಾನೂ ಅವರ ಜೊತೆ ಹೊರಟಿದ್ದೆ. ತಡೆದವಳು ಚಾಂದಬಿ. “ಮಶೀನಿಗೆ ಬೆಂಕಿ ಹಚ್ಚಿದ್ರ ಅವರ ಕಿಸೆದಾಗಿನ ಕಾಗದ ಸುಡತೈತೇನ್ರೋ, ಶಾಣ್ಯಾರ?” ಎಂದು ಬೈದಳು. ಅದೇ ಚಾಂದಬಿ ಈಗ ಊರು ಬಿಟ್ಟು ಬೇರೆ ಎಲ್ಲೋ ಇದ್ದಾಳೆ. ಎಲ್ಲಿ ಎಂದು ಕೇಳಬೇಡಿ. ನಿಮಗಂತೂ ಹೇಳುವುದಿಲ್ಲ.

ನಮ್ಮ ಬೇಡಿಕೆ ಇದು. ಹಾಳೆ ಹೋದದ್ದನ್ನು ನೀವು ಪೊಲೀಸರ ಮುಂದೆ ಬರಹದಲ್ಲಿ ಒಪ್ಪಿಕೊಳ್ಳಿ. ಆ ದಿನ ಕೋಣೆಯಲ್ಲಿ ಕುಳಿತವರನ್ನು ಹೆಸರಿಸಿ. ಆ ಕಪಾಟಿನಲ್ಲಿ ಯಾರ ಯಾರ ವಿವರ ಇತ್ತೋ ಅವರೆಲ್ಲರಿಗೂ ಎಚ್ಚರಿಕೆ ಹೇಳಿ. ಬರುವ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ, ಪಾಳಿ ಬದಲಾಗುವಾಗ, ಮುಖ್ಯ ಗೇಟಿಗೆ ಬಂದು ಇದನ್ನು ಎಲ್ಲರೆದುರು ಹೇಳಿ. ಗಂಗೂ ಆ ಕೊರಡನ್ನು ತರುತ್ತಾಳೆ. ನೀವು ಅದರ ಪಕ್ಕ ನಿಂತು ಮಾತಾಡಬೇಕು.

ನಾನು ಅಡಗುವುದಿಲ್ಲ. ವಿಳಾಸವನ್ನೂ ಮುಚ್ಚಿಡುವುದಿಲ್ಲ, ಯಾರಿಂದ ಮುಚ್ಚಿಡಬೇಕಿತ್ತೋ ಅವರ ಕಿಸೆಯಲ್ಲೇ ಅದು ಇದೆ.

ಇಂತಿ,
ನಿಮ್ಮ ಹಾಳೆಯ ಮೂರನೆಯ ಸಾಲು,
ಶಿವಗಂಗವ್ವ, ಹಲಗೆ ವಿಂಗಡಣೆ, ಬೆಳಗಿನ ಪಾಳಿ.
ಗುರುತು: ಎಡ ಹುಬ್ಬಿನ ಮೇಲೆ ಹೊಲಿಗೆಯ ಕಲೆ.
ಗುರುವಾರ, ಬೆಳಿಗ್ಗೆ ಎಂಟಕ್ಕೆ, ಗೇಟಿನ ಮುಂದೆ.