ವಿಳಾಸ ಅಪೂರ್ಣವಂತೆ

3 ಮಾರ್ಚ್, ಸೋಮವಾರ

ಅಂಕಣ ಕಳಿಸಿದೆ. ಈ ವಾರದ ವಿಷಯ: ಇ-ಮೇಲ್ ಕಳ್ಳರನ್ನು ಗುರುತಿಸುವುದು ಹೇಗೆ. ಮೊದಲ ಸೂತ್ರ — ಗಡಿಬಿಡಿ ಮಾಡಿಸುವ ಮೇಲ್ ಕಳ್ಳನದು. ಮಂಡ್ಯ ಜಿಲ್ಲೆ ಇನ್ನು ನಿಶ್ಚಿಂತೆಯಿಂದ ಮಲಗಬಹುದು.

ಅವ್ವನ ಕಿವಿ ಮೆಷಿನ್ನು ಆನ್‌ಲೈನಲ್ಲಿ ಆರ್ಡರ್ ಆಗಿದೆ. ಕಾರ್ಡು ನನ್ನ ಹೆಂಡತಿ ಕುಸುಮಳದು, ಉಸ್ತುವಾರಿ ನನ್ನದು. ಭಾನುವಾರ ಮಳವಳ್ಳಿಯಲ್ಲಿ ಮಗಳು ರಂಜಿತ ಮೊದಲ ಸಲ ವೇದಿಕೆ ಹತ್ತಿ ಹಾಡುತ್ತಾಳೆ. ಅಷ್ಟರೊಳಗೆ ಬರಬೇಕು. ಮೊಮ್ಮಗಳ ಬಾಯಿ ಆಡುವುದನ್ನು ಅವ್ವ ನೋಡಿದ್ದಾಳೆ, ಹಾಡು ಕೇಳಿಲ್ಲ.

ಬರೆಯುವಾಗ ಬಾಯಿಬಿಟ್ಟು ಹೇಳಿಕೊಳ್ಳುವುದು ನನ್ನ ಚಾಳಿ. ಅವ್ವನಿಗೆ ಕೇಳಿಸದ್ದರಿಂದ ಈ ದಿನಚರಿ ಇಲ್ಲಿಯವರೆಗೆ ಗುಟ್ಟಾಗಿ ಉಳಿದಿದೆ.

5 ಮಾರ್ಚ್, ಮಧ್ಯಾಹ್ನ

ಮೇಲ್ ಬಂತು. 'ನಿಮ್ಮ ವಿಳಾಸ ಅಪೂರ್ಣ. ಇಂದೇ ಸರಿಪಡಿಸಿ, ಮರುಸಾಗಣೆ ಶುಲ್ಕ ಕಟ್ಟಿ. ಇಲ್ಲವಾದರೆ ಪಾರ್ಸೆಲ್ ವಾಪಸ್.'

ಗಡಿಬಿಡಿ ಇದೆ. ಸೂತ್ರದ ಪ್ರಕಾರ ಕಳ್ಳ. ಆದರೆ... ವಿಳಾಸ ಅಪೂರ್ಣ ಎಂಬುದು ಸತ್ಯ! ಆತಗೂರಿನಲ್ಲಿ ಯಾರ ವಿಳಾಸ ಪೂರ್ಣವಾಗಿದೆ? ನಮ್ಮದು 'ಹಾಲಿನ ಡೈರಿ ಪಕ್ಕದ ಓಣಿ, ದೇವಿರಮ್ಮನ ಮಗನ ಮನೆ'. ಇಷ್ಟು ನಿಜ ಹೇಳುವವನು ಕಳ್ಳನಾಗಲಾರ.

ಶಾಲೆಯಲ್ಲಿದ್ದ ಕುಸುಮಳಿಗೆ ಫೋನ್ ಮಾಡಿದೆ. ಮುಟ್ಟಬೇಡಿ, ಸಂಜೆ ಬಂದು ನೋಡುತ್ತೇನೆ ಎಂದಳು. ಅಂಕಣಕಾರನಿಗೆ! ಲಿಂಕ್ ಒತ್ತಿದೆ.

ವಿಳಾಸಕ್ಕೊಂದು ಡಬ್ಬಿ. ಬರೆದೆ. 'ಡೈರಿ ಪಕ್ಕದ' ಎಂಬಲ್ಲಿಗೆ ಡಬ್ಬಿ ತುಂಬಿತು. ಸಂಪಾದಕರೂ ನನ್ನನ್ನು ಇಷ್ಟು ಕತ್ತರಿಸಿಲ್ಲ. ಅದರ ಕೆಳಗೆ ಮನೆ ನಂಬರ್ — ಕಡ್ಡಾಯ. ಅದನ್ನು ತುಂಬದೆ ಕಾರ್ಡಿನ ಪುಟ ತೆರೆಯುವುದಿಲ್ಲ.

ಕುಸುಮ ಕಾರ್ಡು ಇಡುವ ಡಬ್ಬದಿಂದ ಆಗಲೇ ತೆಗೆದಿದ್ದ ಕಾರ್ಡು ಕೈಯಲ್ಲಿ ಹಿಡಿದೇ ಅವ್ವನ ಹತ್ತಿರ ಹೋದೆ. ಅವರೆಕಾಯಿ ಬಿಡಿಸುತ್ತಿದ್ದಳು. ನಮ್ಮ ಮನೆ ನಂಬರೇನು ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಮೂರನೇ ಕೂಗಿಗೆ ತಲೆ ಎತ್ತಿದಳು.

"ನಂಬರ್ರಾ? ಮೊನ್ನೆ ಮಿಕ್ಸಿ ತಂದೋನು ಯಾವ್ ನಂಬರ್ ಕೇಳ್ದ? ಡೈರಿ ತಾವ ನಿಂತ್ಕಂಡು ಫೋನ್ ಮಾಡ್ನಿಲ್ವಾ? ನಮ್ಮನೆ ನಂಬರ್ ಕೇಳೋನು ನಮ್ಮೂರ್ಗೇ ಬರೋನಲ್ಲ ಕಣ್ಲಾ."

ಮತ್ತೆ ಅವರೆಕಾಯಿ.

ಬಂದು ಕೂತೆ. ಮೇಲ್ ಕಳಿಸಿದವನ ವಿಳಾಸ ನೋಡಿದೆ. ಮುಂದೆ ಅಂಗಡಿಯ ಹೆಸರು, ಹಿಂದೆ ಏನೇನೋ ಅಕ್ಷರಗಳ ಉಪ್ಪಿಟ್ಟು. ಅಂಗಡಿಯ ಆ್ಯಪನ್ನೇ ನೇರವಾಗಿ ತೆರೆದೆ. 'ಪಾರ್ಸೆಲ್ ಮದ್ದೂರು ತಲುಪಿದೆ' ಎಂದಿತ್ತು. ಶುಲ್ಕದ ಸುದ್ದಿಯೇ ಇಲ್ಲ. ಕಾರ್ಡು ಡಬ್ಬಕ್ಕೆ ಮರಳಿತು.

ನನ್ನ ಸಮಯಪ್ರಜ್ಞೆ ದೊಡ್ಡದು.

ಅದೇ ದಿನ, ರಾತ್ರಿ ಊಟವಾದ ಮೇಲೆ

ಊಟಕ್ಕೆ ಕೂತಾಗ ಕುಸುಮ ಫೋನ್ ಇಸಕೊಂಡು ಪೂರ್ತಿ ನೋಡಿದಳು.

"ಕಾರ್ಡ್ ನಂಬರ್ ಹಾಕಿದ್ರಾ?"

"ಇಲ್ಲ."

"ಯಾಕೆ?"

"ಮನೆ ನಂಬರ್ ಸಿಗಲಿಲ್ಲ."

ತಟ್ಟೆಗೆ ಮುಖ ತಗ್ಗಿಸಿ ನಕ್ಕಳು. ಆಮೇಲೆ ಕಾರ್ಡಿನ ಡಬ್ಬವನ್ನು ಬೀರುವಿಗಿಟ್ಟು, ಬೀಗದ ಕೈಯನ್ನು ಅವ್ವನ ಎಲೆ ಅಡಿಕೆ ಚೀಲಕ್ಕೆ ಹಾಕಿದಳು. ಇದು ಭದ್ರತಾ ವ್ಯವಸ್ಥೆಯೇ ಹೊರತು ಅವಿಶ್ವಾಸವಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ.

7 ಮಾರ್ಚ್

ಫೋನ್. "ಅಣ್ಣ, ಡೈರಿ ತಾವ ಇವ್ನಿ. ಅಮ್ಮ ಅವ್ರಾ?"

ಅಸಲಿ ಕೊರಿಯರ್! ಪಾರ್ಸೆಲ್ ಬಂತು.

9 ಮಾರ್ಚ್, ಭಾನುವಾರ

ರಂಜಿತ ಹಾಡಿದಳು. ಅವ್ವ ಮುಂದಿನ ಸಾಲಿನಲ್ಲಿ, ಕಿವಿಗೆ ಕೈ ಆನಿಸಿಕೊಂಡು, ಕೊನೆಯವರೆಗೆ ಅಲ್ಲಾಡಲಿಲ್ಲ. ನಾನು ಹಾಡು ಕೇಳಲಿಲ್ಲ, ಅವ್ವನನ್ನೇ ನೋಡುತ್ತಿದ್ದೆ. ಇಳಿದು ಬಂದ ಮೊಮ್ಮಗಳ ಕೆನ್ನೆ ಸವರಿ ಅವ್ವ ತೀರ್ಪು ಕೊಟ್ಟಳು: "ಚೆನ್ನಾಗದೆ ಕಣವ್ವ. ಎರಡ್ನೇ ಸಾಲ್ನಾಗೆ ಒಸಿ ತಪ್ದೆ."

ಇಷ್ಟು ವರ್ಷ 'ಬೋ ಚೆನ್ನಾಗದೆ' ಮಾತ್ರ ಕೇಳಿದ್ದ ಹುಡುಗಿ ದಂಗಾದಳು. ಮೆಷಿನ್ನು ಉತ್ತಮ ಗುಣಮಟ್ಟದ್ದು.

10 ಮಾರ್ಚ್

ಹೊಸ ಮೇಲ್. 'ನಿಮ್ಮ ಅಂಕಣ ರಾಷ್ಟ್ರಮಟ್ಟದ ಹಾಸ್ಯ ಪ್ರಶಸ್ತಿಗೆ ಆಯ್ಕೆಯಾಗಿದೆ. ಸ್ವೀಕರಿಸಲು ಇಲ್ಲಿ ಒತ್ತಿ.' ಇದರಲ್ಲಿ ಗಡಿಬಿಡಿ ಇಲ್ಲ. ಭಾಷೆ ಸಭ್ಯ. ಆಯ್ಕೆಯೂ ನ್ಯಾಯವಾದದ್ದೇ. ಮನೆ ನಂಬರ್ ಬೇರೆ ಕೇಳಿಲ್ಲ. ಒಂದೇ ಒಂದು ಸಲ ಒತ್ತಿ ನೋಡಿದರೆ...

"ಒತ್ಬೇಡ ಕಣ್ಲಾ."

ಒಳಗಿನಿಂದ, ಅವ್ವ.

ಅಂದರೆ ಬೆಳಗಿನಿಂದ ನಾನು ಇಲ್ಲಿ ಬರೆದದ್ದೆಲ್ಲ... ಕುಸುಮಳ ಉಪ್ಪುಸಾರಿನ ಬಗ್ಗೆ ಬಾಯಿಬಿಟ್ಟು ಹೇಳಿಕೊಂಡು ಬರೆದು, ಆಮೇಲೆ ಹೊಡೆದುಹಾಕಿದ ಆ ನಾಲ್ಕು ಸಾಲೂ—